ಪುಕ್ಕಟೆ ಕಲಿಸಿದವನಿಗೆ ಎಷ್ಟು ಕೊಡಬೇಕು?

ಕಳೆದ ಮಳೆಗಾಲದ ಒಂದು ಸಂಜೆ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ ನನ್ನನ್ನು ಕಂಡು ಅಡಗಿಕೊಂಡ. ಕಾರ್ಕಳಕ್ಕೆ ಹೋಗುವ ಬಸ್ಸು ನಿಂತಿತ್ತು. ಕೊಡೆ ಮಡಚಿಕೊಂಡು ಅದರ ಬಾಗಿಲ ಕಡೆಗೆ ಬರುತ್ತಿದ್ದವನು, ಅಲ್ಲಿ ನಾನಿರುವುದನ್ನು ನೋಡಿದ್ದೇ ತಿರುಗಿ ಬಸ್ಸಿನ ಹಿಂಬದಿಗೆ ಸರಿದ. ನಾನು ಆ ಬಸ್ಸಿಗೆ ಹತ್ತುವವನಲ್ಲ, ನೆಂಟರನ್ನು ಕಳಿಸಿಕೊಡಲು ಬಂದವನು. ಅದು ಅವನಿಗೆ ಗೊತ್ತಿರಲಿಲ್ಲ. ಬಸ್ಸು ಹೊರಟುಹೋಯಿತು. ಮಡಚಿದ ಕೊಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಮಳೆಯಲ್ಲಿ ನೆನೆಯುತ್ತಾ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ಇಬ್ಬರೂ ನೋಡದವರಂತೆ ನಟಿಸಿದೆವು.

ಅವನಿಗೆ ಹದಿನೇಳು ವರ್ಷ. ನಾಲ್ಕು ವರ್ಷಗಳ ಕಾಲ ಪ್ರತಿ ಭಾನುವಾರ ಬೆಳಿಗ್ಗೆ ನಾನು ಅವನಿಗೆ ಪಾಠ ಹೇಳಿದ್ದೇನೆ. ನಮ್ಮ ಕಡೆ ಇಂಥ ಭಾನುವಾರದ ತರಗತಿಗಳು ಹಲವು ನಡೆಯುತ್ತವೆ. ಕೆಲವು ಬಸದಿಯ ಪಕ್ಕದ ಸಭಾಭವನದಲ್ಲಿ, ಕೆಲವು ಭಜನಾ ಮಂದಿರದಲ್ಲಿ, ಕೆಲವು ಚರ್ಚಿನ ಹಿಂದಿನ ಕೋಣೆಯಲ್ಲಿ, ಕೆಲವು ಮದರಸದಲ್ಲಿ. ಮೊದಲ ಒಂದು ಗಂಟೆ ಧರ್ಮದ ಪಾಠ, ಆಮೇಲೆ ಶಾಲೆಯ ಪಾಠ, ನಡುವೆ ಅವಲಕ್ಕಿ ಮತ್ತು ಚಹಾ. ಕಲಿಸುವವರು ನನ್ನ ಹಾಗೆ ಓದುತ್ತಿರುವವರು ಅಥವಾ ಆಗಷ್ಟೇ ಕೆಲಸಕ್ಕೆ ಸೇರಿದವರು. ಸಂಬಳ ಇಲ್ಲ. ಮಕ್ಕಳು ‘ಅಣ್ಣ’, ‘ಅಕ್ಕ’ ಎಂದು ಕರೆಯುತ್ತಾರೆ. ಹಳೆಯ ತಲೆಮಾರಿನವರು ‘ಮಾಸ್ಟ್ರು’ ಎನ್ನುತ್ತಾರೆ. ಅಷ್ಟೇ ನಮ್ಮ ಸಂಪಾದನೆ.

ಆ ಹುಡುಗ ಪಿಯುಸಿ ಸೇರಿದ ಮೇಲೆ ತರಗತಿಗೆ ಬರುವುದನ್ನು ಕಡಿಮೆ ಮಾಡಿದ. ಭಾನುವಾರ ಬೆಳಿಗ್ಗೆ ಸ್ವರಾಜ್ಯ ಮೈದಾನದಲ್ಲಿ ಆಟಕ್ಕೆ ಹೋಗುತ್ತಾನೆಂದು ಇತರ ಮಕ್ಕಳು ಹೇಳಿದರು. ಒಂದು ಭಾನುವಾರ ಅಪರೂಪಕ್ಕೆ ಬಂದಾಗ ನಾನು ಹತ್ತು ಮಕ್ಕಳ ಎದುರು ನಗುತ್ತಲೇ ಕೇಳಿದೆ: “ಎಸ್ಸೆಸ್ಸೆಲ್ಸಿಯಲ್ಲಿ ನಿನ್ನ ಗಣಿತ ಯಾರು ದಾಟಿಸಿದ್ದು, ನೆನಪುಂಟಾ?” ಅವನೂ ನಕ್ಕ. “ನೆನಪುಂಟು ಅಣ್ಣ” ಅಂದ. ಮತ್ತೆ ಅವನು ಬರಲೇ ಇಲ್ಲ. ಒಂದು ದಿನ ಪೇಟೆಯಲ್ಲಿ ಸಿಕ್ಕಿದ ಅವನ ತಾಯಿ, “ಅವನಿಗೆ ನಿಮ್ಮನ್ನು ಕಂಡರೆ ಒಂಥರಾ ಆಗ್ತದೆ ಮಾಸ್ಟ್ರೇ, ಬೇಜಾರು ಮಾಡ್ಬೇಡಿ” ಎಂದರು. ಅವರ ದನಿಯಲ್ಲಿ ಕ್ಷಮೆ ಕೇಳುವ ಭಾವವಿತ್ತು. ಕ್ಷಮೆ ಕೇಳಬೇಕಾದವನು ನಾನು ಎಂದು ಆ ಹೊತ್ತಿಗೂ ನನಗೆ ಹೊಳೆಯಲಿಲ್ಲ. ಬಸ್ಸು ಹೋದ ಮೇಲೆ ಹೊಳೆಯಿತು.

ಅವತ್ತಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಸರಳವಾದದ್ದು. ಪುಕ್ಕಟೆ ಕಲಿಸಿದವನಿಗೆ ಕಲಿತವನು ಏನು ಕೊಡಬೇಕು? ಏನನ್ನೂ ಕೊಡಬೇಕಿಲ್ಲ ಎನ್ನುವುದು ಸುಲಭದ ಉತ್ತರ. ಆದರೆ ಹಾಗೆ ಹೇಳುವ ಪ್ರತಿಯೊಬ್ಬನೂ ಒಳಗೆ ಒಂದು ಸಣ್ಣ ಲೆಕ್ಕದ ಪುಸ್ತಕ ಇಟ್ಟುಕೊಂಡಿರುತ್ತಾನೆ ಎಂಬುದು ನನ್ನ ಅನುಭವ. ನನ್ನದನ್ನು ನಾನೇ ಹತ್ತು ಮಕ್ಕಳ ಎದುರು ಓದಿ ಹೇಳಿದ್ದೆ.

ಹಣ ಕೊಟ್ಟು ಟ್ಯೂಷನ್‌ಗೆ ಹೋಗುವ ಹುಡುಗನ ಸ್ಥಿತಿ ನೋಡಿ. ತಿಂಗಳ ಕೊನೆಗೆ ಫೀಸು ಕೊಡುತ್ತಾನೆ, ಲೆಕ್ಕ ಚುಕ್ತಾ. ಬೇಡವೆನಿಸಿದರೆ ಮುಂದಿನ ತಿಂಗಳು ಹೋಗುವುದಿಲ್ಲ. ಟ್ಯೂಷನ್ ಮಾಸ್ಟ್ರು ಬಸ್ ನಿಲ್ದಾಣದಲ್ಲಿ ಸಿಕ್ಕಿದರೆ ಅವನು ಅಡಗಬೇಕಾಗಿಲ್ಲ. ಫೀಸಿಗೆ ನಾವು ಹೇಳಿಕೊಳ್ಳದ ಒಂದು ಗುಣವಿದೆ, ಅದು ಬಿಡುಗಡೆ ಮಾಡುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಈ ಗುಣವಿಲ್ಲ. ಅದನ್ನು ತೀರಿಸಲು ನಾಣ್ಯವಿಲ್ಲ. ನಮ್ಮ ಮದುವೆ ಮನೆಗಳ ಮುಯ್ಯಿಯನ್ನು ನೆನೆಯಿರಿ. ಕೊಡುವಾಗ ಅದು ಉಡುಗೊರೆ, ಆದರೆ ಯಾರು ಎಷ್ಟು ಕೊಟ್ಟರೆಂದು ಬರೆದಿಡುತ್ತೇವೆ, ಅವರ ಮನೆಯ ಮದುವೆಗೆ ಅಷ್ಟನ್ನಾದರೂ ತಿರುಗಿಸುತ್ತೇವೆ. ಫ್ರಾನ್ಸಿನ ಮಾನವಶಾಸ್ತ್ರಜ್ಞ ಮಾರ್ಸೆಲ್ ಮೌಸ್ 1925ರಲ್ಲಿ ಪ್ರಕಟಿಸಿದ, ಕೊಡುಗೆಯ ಕುರಿತ ಪ್ರಸಿದ್ಧ ಪ್ರಬಂಧದ ತಿರುಳೂ ಇದೇ. ಉಡುಗೊರೆ ಸ್ವಇಚ್ಛೆಯದೆಂದು ಕಾಣುತ್ತದೆ, ಆದರೆ ಕೊಡುವುದು, ಪಡೆಯುವುದು, ಹಿಂತಿರುಗಿಸುವುದು ಮೂರೂ ಕಡ್ಡಾಯ. ಮುಯ್ಯಿಯನ್ನಾದರೂ ಹಿಂತಿರುಗಿಸಬಹುದು. ನಾಲ್ಕು ವರ್ಷದ ಭಾನುವಾರಗಳನ್ನು ಹದಿನೇಳರ ಹುಡುಗ ಹೇಗೆ ಹಿಂತಿರುಗಿಸುತ್ತಾನೆ? ಅವನ ಬಳಿ ಇರುವುದು ಒಂದೇ, ಅವನ ಹಾಜರಿ. ಬರುತ್ತಲೇ ಇರಬೇಕು, ತಲೆಯಾಡಿಸುತ್ತಲೇ ಇರಬೇಕು, ನಾವು ನಂಬಿದ್ದನ್ನು ನಂಬುತ್ತಲೇ ಇರಬೇಕು. ಧರ್ಮದ ಹೆಸರಿನಲ್ಲಿ ನಡೆಯುವ ತರಗತಿಯಲ್ಲಿ ಈ ಹಿಂಪಾವತಿಗೆ ಇನ್ನೊಂದು ಹೆಸರೂ ಸಿಗುತ್ತದೆ, ಶ್ರದ್ಧೆ.

ಈ ಯೋಚನೆ ಹೊತ್ತುಕೊಂಡೇ ನಾನು ಎರಡು ತಿಂಗಳ ಬಳಿಕ ಬೀದರ್‌ಗೆ ಹೋದದ್ದು. ಹೋದದ್ದು ಒಂದು ವಿಚಾರ ಸಂಕಿರಣಕ್ಕೆ. ಹಸ್ತಪ್ರತಿಗಳನ್ನು ಬರೆಯಿಸಿ ದಾನ ಕೊಟ್ಟವರ ಬಗ್ಗೆ, ಅಂದರೆ ಜೈನರು ಶಾಸ್ತ್ರದಾನ ಎಂದು ಕರೆಯುವುದರ ಬಗ್ಗೆ ನನ್ನ ಸಂಶೋಧನೆ. ಸಂಕಿರಣ ಮುಗಿದ ಮಧ್ಯಾಹ್ನ ಬಿಡುವಿತ್ತು. ಬೀದರ್‌ಗೆ ಬಂದವರು ಕೋಟೆ ನೋಡುತ್ತಾರೆ, ಗವಾನ್ ಮದರಸ ನೋಡುತ್ತಾರೆ, ನಾನಕ್ ಝೀರಾಕ್ಕೆ ಹೋಗುತ್ತಾರೆ. ನಾನು ಮೂರನೆಯದಕ್ಕೆ ಹೋದೆ. ಸಿಖ್ಖರ ಮೊದಲ ಗುರು ನಾನಕರು ಹದಿನಾರನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಯಾತ್ರೆಯಲ್ಲಿ ಇಲ್ಲಿಗೆ ಬಂದರು, ಕುಡಿಯುವ ನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಕಾಲಿನಿಂದ ಕಲ್ಲೊಂದನ್ನು ಸರಿಸಿದಾಗ ಸಿಹಿನೀರಿನ ಒರತೆ ಚಿಮ್ಮಿತು ಎಂಬುದು ಐತಿಹ್ಯ. ಆ ಒರತೆಯೇ ಝೀರಾ. ಗುಡ್ಡದ ಬುಡದ ಆ ನೀರನ್ನು ಜನ ಈಗಲೂ ಬಾಟಲಿಗಳಲ್ಲಿ ತುಂಬಿಸಿಕೊಂಡು ಹೋಗುತ್ತಾರೆ.

ತಲೆಗೆ ಕರವಸ್ತ್ರ ಕಟ್ಟಿಕೊಂಡು, ಚಪ್ಪಲಿ ಒಪ್ಪಿಸಿ ಒಳಗೆ ಹೋದೆ. ಚಪ್ಪಲಿ ತೆಗೆದುಕೊಂಡವನು ನನ್ನ ವಯಸ್ಸಿನವನೇ, ಒಳ್ಳೆಯ ಅಂಗಿ ತೊಟ್ಟಿದ್ದ. ನನ್ನ ಕೆಸರು ಮೆತ್ತಿದ ಚಪ್ಪಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಾಗ ನನಗೇ ಮುಜುಗರವಾಯಿತು. ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಊಟ ಬಡಿಸುವ ಆ ದೊಡ್ಡ ಹಾಲಿನಲ್ಲಿ, ಸಾಲಾಗಿ ನೆಲದ ಮೇಲೆ ಕುಳಿತೆವು. ನನ್ನ ಒಂದು ಬದಿಗೆ ಒಂದು ಲಾರಿಯ ಚಾಲಕ, ಇನ್ನೊಂದು ಬದಿಗೆ ಹಳ್ಳಿಯಿಂದ ಬಂದ ಅಜ್ಜಿ ಮತ್ತು ಅವರ ಮೊಮ್ಮಗಳು. ಬೇಳೆ ಬಡಿಸಿಯಾದ ಮೇಲೆ ರೊಟ್ಟಿಯ ಬುಟ್ಟಿ ಹಿಡಿದು ಬಂದವನಿಗೆ ಒಂಬತ್ತು ಹತ್ತು ವರ್ಷವಿರಬಹುದು. ತಲೆಗೆ ಚಿಕ್ಕ ಪಟ್ಕಾ ಕಟ್ಟಿದ್ದ. ಅವನ ಹಿಂದೆ ಒಂದು ಹೆಜ್ಜೆ ದೂರದಲ್ಲಿ ಹದಿನೆಂಟರ ಆಸುಪಾಸಿನ ಒಬ್ಬ ತರುಣ, ಬೇಳೆಯ ಬಕೆಟ್ ಹಿಡಿದುಕೊಂಡು ನಡೆಯುತ್ತಿದ್ದ. ನಾನು ಒಂದು ಕೈ ಚಾಚಿದೆ. ಹುಡುಗ ರೊಟ್ಟಿ ಕೊಡಲಿಲ್ಲ. “ಎರಡೂ ಕೈ ಹಿಡೀರಿ” ಎಂದ. ಹಿಡಿದೆ. ರೊಟ್ಟಿ ಬಿತ್ತು. ಹಿಂದಿದ್ದ ತರುಣ ಏನೂ ಹೇಳಲಿಲ್ಲ. ಹುಡುಗನನ್ನು ಹೊಗಳಲಿಲ್ಲ, ನನ್ನಲ್ಲಿ ಕ್ಷಮೆ ಕೇಳಲಿಲ್ಲ. ಮುಂದಿನ ಸಾಲಿಗೆ ನಡೆದರು.

ಊಟವಾದ ಮೇಲೆ ತಟ್ಟೆ ತೊಳೆಯುವ ಕಡೆಗೆ ಹೋದೆ. ಅಲ್ಲಿ ಜಾಗ ಬಿಟ್ಟುಕೊಟ್ಟರು. ಇಪ್ಪತ್ತು ನಿಮಿಷ ತಟ್ಟೆ ತೊಳೆದೆ. ಯಾರೂ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ, ಮತ್ತೆ ಬರುತ್ತೀರಾ ಎಂದೂ ಕೇಳಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಿದ್ದಾಗ ಆ ತರುಣ ಸಿಕ್ಕಿದ. ಬೀದರ್‌ನಲ್ಲೇ ಹುಟ್ಟಿದವನು, ಕನ್ನಡ ಚೆನ್ನಾಗಿಯೇ ಮಾತಾಡಿದ. ರಜೆಯಲ್ಲಿ ಮಕ್ಕಳಿಗೆ ಗುರುಮುಖಿ ಓದಲು ಹೇಳಿಕೊಡುತ್ತಾನಂತೆ. ಬಿಟ್ಟುಹೋದ ಮಕ್ಕಳಿದ್ದಾರಾ ಎಂದು ಕೇಳಿದೆ. “ಅದಾರ್ರಿ, ಭಾಳ ಮಂದಿ ಅದಾರ. ಹಸಿವಾದ್ರ ಬರ್ತಾರ” ಎಂದು ನಕ್ಕ. ತಮಾಷೆಗೆ ಹೇಳಿದ ಮಾತು. ಆದರೆ ನನಗೆ ಅದು ತಮಾಷೆಯಾಗಿ ಕೇಳಲಿಲ್ಲ. ನನ್ನ ತರಗತಿ ಬಿಟ್ಟ ಹುಡುಗ ಹಸಿವಾದರೂ ನನ್ನ ಬಳಿ ಬರುವಂತಿಲ್ಲ. ಆ ದಾರಿಯನ್ನು ನಾನೇ ಮುಚ್ಚಿದ್ದೆ.

ಒಂದು ಮಧ್ಯಾಹ್ನ ನೋಡಿದ್ದರಿಂದ ಒಂದು ಸಮುದಾಯವನ್ನು ತಿಳಿದಂತಾಗುವುದಿಲ್ಲ. ಸಿಖ್ಖರಲ್ಲೂ ಒತ್ತಾಯವಿದ್ದೀತು, ಲೆಕ್ಕವಿಡುವವರಿದ್ದಾರು, ಮಕ್ಕಳನ್ನು ಹಂಗಿಸುವ ಹಿರಿಯರಿದ್ದಾರು. ಊರಿಗೆ ಬಂದ ಮೇಲೆ ಅವರ ಇತಿಹಾಸ ಓದಿದೆ. ನನ್ನ ಪ್ರಶ್ನೆಗೆ ಸಂಬಂಧಿಸಿದ ಕೆಲವು ಸಂಗತಿಗಳು ಅಲ್ಲಿ ಸಿಕ್ಕಿದವು.

ಮೊದಲನೆಯದು ಹೆಸರು. ‘ಸಿಖ್’ ಎಂದರೆ ಕಲಿಯುವವನು, ಶಿಷ್ಯ. ಎಪ್ಪತ್ತರ ಮುದುಕನೂ ಆ ಹೆಸರಿನಿಂದಲೇ ಕರೆಸಿಕೊಳ್ಳುತ್ತಾನೆ. ಎರಡನೆಯ ಗುರು ಅಂಗದ್ ದೇವ್ ಖಡೂರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಗುರುಮುಖಿ ಅಕ್ಷರ ಕಲಿಸಿದರೆಂದು ಪರಂಪರೆ ನೆನೆಯುತ್ತದೆ. ಅದೇ ಅಂಗಳದಲ್ಲಿ ಅವರ ಹೆಂಡತಿ ಮಾತಾ ಖೀವಿ ಲಂಗರನ್ನು ನಡೆಸುತ್ತಿದ್ದರು. ಅಕ್ಷರವೂ ಅನ್ನವೂ ಒಂದೇ ಕಡೆ. ಮೂರನೆಯ ಗುರು ಅಮರ್ ದಾಸ್, ತಮ್ಮನ್ನು ನೋಡಬೇಕೆನ್ನುವವರು ಮೊದಲು ಪಂಕ್ತಿಯಲ್ಲಿ ಎಲ್ಲರ ಜೊತೆ ಕುಳಿತು ಉಣ್ಣಬೇಕೆಂದು ನಿಯಮ ಮಾಡಿದರು. ಇವತ್ತಿಗೂ ಬೇಸಿಗೆ ರಜೆಯಲ್ಲಿ ಊರೂರ ಗುರುದ್ವಾರಗಳಲ್ಲಿ ಮಕ್ಕಳ ಶಿಬಿರಗಳು ನಡೆಯುತ್ತವೆ. ಕಾಲೇಜಿನ ಹುಡುಗ ಹುಡುಗಿಯರು ಕೀರ್ತನೆ, ತಬಲಾ, ಅಕ್ಷರ, ಪಗಡಿ ಕಟ್ಟುವುದು ಇವನ್ನೆಲ್ಲ ಕಲಿಸುತ್ತಾರೆ. ಆದರೆ ಸೇವೆಯ ಮೊದಲ ಪಾಠ ಬಹಳ ಸಲ ಚಪ್ಪಲಿ ಜೋಡಿಸುವುದರಿಂದ, ನೆಲ ಗುಡಿಸುವುದರಿಂದ ಆಗುತ್ತದೆ. ಕಲಿಸುವವನೂ ಅದನ್ನೇ ಮಾಡುತ್ತಿರುತ್ತಾನೆ.

ಎರಡನೆಯದು ಬೀದರ್‌ಗೇ ಸೇರಿದ ಕಥೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಹತ್ತನೆಯ ಗುರು ಗೋಬಿಂದ್ ಸಿಂಗ್ ಕತ್ತಿ ಹಿಡಿದು ನಿಂತು, ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದರು. ಐದು ಮಂದಿ ಒಬ್ಬೊಬ್ಬರಾಗಿ ಎದ್ದು ಬಂದರು. ಲಾಹೋರಿನವನೊಬ್ಬ, ಹಸ್ತಿನಾಪುರದವನೊಬ್ಬ, ಪುರಿಯವನೊಬ್ಬ, ದ್ವಾರಕೆಯವನೊಬ್ಬ. ಐದನೆಯವನು ಬೀದರ್‌ನ ಕ್ಷೌರಿಕ ಸಾಹಿಬ್. ಗುರು ಅವರ ತಲೆ ತೆಗೆಯಲಿಲ್ಲ, ಅಮೃತ ಕುಡಿಸಿ ಖಾಲ್ಸಾ ಪಂಥಕ್ಕೆ ಸೇರಿಸಿದರು. ಕಥೆ ಇಲ್ಲಿಗೇ ನಿಂತಿದ್ದರೆ ಅದು ಗುರುವಿಗೆ ಎಲ್ಲವನ್ನೂ ಒಪ್ಪಿಸಿದ ಶಿಷ್ಯರ ಕಥೆಯಾಗುತ್ತಿತ್ತು. ಅಂಥ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಏಕಲವ್ಯನ ಹೆಬ್ಬೆರಳು ಸಾಕು. ಆದರೆ ಮುಂದೆ ಗುರು ಆ ಐವರ ಎದುರು ಕೈಮುಗಿದು ನಿಂತು, ಈಗ ನನಗೂ ಅಮೃತ ಕೊಡಿ ಎಂದು ಕೇಳಿದರು. ಬೀದರ್‌ನ ಕ್ಷೌರಿಕನೂ ಸೇರಿ ಐವರು ತಮ್ಮ ಗುರುವಿಗೆ ದೀಕ್ಷೆ ಕೊಟ್ಟರು.

ಈ ಎರಡನೆಯ ಅರ್ಧವನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ತಲೆಯನ್ನೇ ಕೇಳುವಷ್ಟು ದೊಡ್ಡ ಬೇಡಿಕೆಯನ್ನು ಮುಂದಿಟ್ಟವನು, ಮರುಗಳಿಗೆಯಲ್ಲಿ ಅದೇ ಜನರಿಂದ ಪಡೆಯುವವನಾಗುತ್ತಾನೆ. ಕೊಟ್ಟವನು ಯಾರು, ಪಡೆದವನು ಯಾರು ಎಂಬ ಲೆಕ್ಕವೇ ಅಲ್ಲಿ ಕಲಸಿಹೋಗುತ್ತದೆ. ಗಣಿತ ದಾಟಿಸಿದ್ದು ಯಾರು ಎಂದು ನಾನು ಕೇಳಿದಾಗ, ಆ ನಾಲ್ಕು ವರ್ಷಗಳಲ್ಲಿ ಆ ಹುಡುಗ ನನಗೆ ಏನು ಕೊಟ್ಟ ಎಂದು ಕೇಳಿಕೊಂಡಿರಲಿಲ್ಲ. ಸಂಶೋಧನೆ ಒಂದಡಿಯೂ ಮುಂದೆ ಹೋಗದ, ಶಿಷ್ಯವೇತನ ತಿಂಗಳುಗಟ್ಟಲೆ ಬಾರದ ದಿನಗಳಲ್ಲಿ ಭಾನುವಾರ ಬೆಳಿಗ್ಗೆ ನಾನು ಉಪಯೋಗಕ್ಕೆ ಬರುವ ಮನುಷ್ಯ ಎಂದು ನನಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸುವಂತೆ ಮಾಡಿದವರು ಆ ಮಕ್ಕಳು. ಅದಕ್ಕೆ ನಾನು ಅವರಿಗೆ ಯಾವ ಫೀಸೂ ಕೊಟ್ಟಿಲ್ಲ.

ಇದನ್ನೆಲ್ಲ ನಮ್ಮ ತರಗತಿ ನಡೆಸುವ ಹಿರಿಯರೊಬ್ಬರ ಬಳಿ ಹೇಳಿದೆ. ಎಪ್ಪತ್ತು ದಾಟಿದವರು, ಆ ಮಕ್ಕಳ ಅವಲಕ್ಕಿಯ ಖರ್ಚನ್ನು ಸದ್ದಿಲ್ಲದೆ ತಾವೇ ಭರಿಸುವವರು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ನೀವು ಓದಿದವರು, ಬರುವವರು ಬರಲಿ ಹೋಗುವವರು ಹೋಗಲಿ ಅಂತ ಹೇಳಬಹುದು. ಈ ಮಕ್ಕಳು ಬರುವುದು ನಿಂತರೆ ನಾಳೆ ಬಸದಿಯಲ್ಲಿ ದೀಪ ಹಚ್ಚುವವರು ಯಾರು ಮಾರಾಯ್ರೆ?”

ಇದು ತಳ್ಳಿಹಾಕುವ ಮಾತಲ್ಲ. ಮೂಡುಬಿದಿರೆಯನ್ನು ಜೈನಕಾಶಿ ಎನ್ನುತ್ತೇವೆ. ಹದಿನೆಂಟು ಬಸದಿಗಳಿವೆ, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಪ್ರವಾಸಿಗರ ಬಸ್ಸುಗಳು ಬರುತ್ತವೆ. ಆದರೆ 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜೈನರು ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. ಸಿಖ್ಖರು ಮೂವತ್ತು ಸಾವಿರಕ್ಕಿಂತ ಕಡಿಮೆ. ಇಷ್ಟು ಸಣ್ಣ ಸಮುದಾಯಕ್ಕೆ ಒಬ್ಬ ಹುಡುಗ ತರಗತಿ ಬಿಡುವುದೆಂದರೆ ಬರಿಯ ಒಂದು ಗೈರುಹಾಜರಿ ಅಲ್ಲ. ಸಿಖ್ಖರ ವಿಷಯದಲ್ಲಿ ಇನ್ನೊಂದು ಕಹಿ ನೆನಪೂ ಇದೆ. 1988ರ ಸೆಪ್ಟೆಂಬರ್‌ನಲ್ಲಿ ಇದೇ ಬೀದರ್‌ನಲ್ಲಿ, ಎಂಜಿನಿಯರಿಂಗ್ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿಗಳಾಗಿ ಕೆಲವರು ಜೀವ ಕಳೆದುಕೊಂಡರು. ಪಗಡಿಯಿಂದಲೇ ಗುರುತು ಸಿಗುವ ಹುಡುಗನಿಗೆ, ಅದನ್ನು ಕಟ್ಟಿಕೊಳ್ಳಲು ಹೇಳಿಕೊಡುವ ಅಣ್ಣನೊಬ್ಬ ಬೇಕು. ಆ ಪಗಡಿಯನ್ನು ನೋಡಿ ನಕ್ಕವರ ನಡುವೆ ಹೇಗಿರಬೇಕು ಎಂದು ಹೇಳಿಕೊಡುವವನೂ ಬೇಕು. ಅಲ್ಲಿ ಧರ್ಮದ ತರಗತಿ ಎಂದರೆ ಬೆನ್ನಿಗೊಂದು ಗೋಡೆ. ದೊಡ್ಡ ಸಮುದಾಯದವರು ಬಾಗಿಲು ತೆರೆದಿಡಿ ಎಂದು ಸಣ್ಣ ಸಮುದಾಯಕ್ಕೆ ಬೋಧಿಸುವುದು ಸುಲಭ, ಅವರ ಮನೆ ಖಾಲಿಯಾಗುವುದಿಲ್ಲವಲ್ಲ.

ಹಿರಿಯರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವೆನ್ನಬಹುದಾದದ್ದು ಸಿಕ್ಕಿದ್ದು ನನ್ನ ಮೇಜಿನ ಮೇಲೆಯೇ, ದಿನವೂ ಓದುತ್ತಿದ್ದ ವಿಷಯದಲ್ಲೇ.

ಮೂಡುಬಿದಿರೆಯ ಗುರುಬಸದಿಯನ್ನು ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ದಿಗಂಬರ ಜೈನರ ಅತಿ ಪ್ರಾಚೀನ ಆಗಮವಾದ ಷಟ್ಖಂಡಾಗಮ ಮತ್ತು ಅದರ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿಗಳು, ಹಳಗನ್ನಡ ಲಿಪಿಯಲ್ಲಿ, ಉಳಿದುಬಂದದ್ದು ಇಲ್ಲಿ. ಬೇರೆಲ್ಲೂ ಸಿಗದ ಗ್ರಂಥವನ್ನು ನಮ್ಮ ಊರು ಶತಮಾನಗಳ ಕಾಲ ಕಾಯ್ದುಕೊಂಡಿತು. ಎಷ್ಟು ಜೋಪಾನವೆಂದರೆ, ಬಹುಕಾಲ ಯಾತ್ರಿಕರಿಗೆ ಅದರ ದರ್ಶನ ಸಿಗುತ್ತಿತ್ತೇ ಹೊರತು ಓದಲು ಸಿಗುತ್ತಿರಲಿಲ್ಲ. ಕೊನೆಗೆ ಪ್ರತಿಗಳು ಆದವು, ಹೊರಗೆ ಹೋದವು, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಹೊರಗೆ ಹೋದದ್ದರಿಂದ ನಮ್ಮ ಊರಿನ ಗರಿಗಳ ಮಹತ್ವ ಕಡಿಮೆಯಾಗಲಿಲ್ಲ, ಜಗತ್ತಿಗೆ ಗೊತ್ತಾಯಿತು.

ಆ ಗ್ರಂಥ ಹುಟ್ಟಿದ ಕಥೆ ಇನ್ನೂ ಮುಖ್ಯ. ಧರಸೇನರೆಂಬ ಆಚಾರ್ಯರು ಗಿರಿನಗರದ ಗುಹೆಯಲ್ಲಿ ವಾಸವಾಗಿದ್ದರು. ಆಗಮದ ಉಳಿದ ಜ್ಞಾನದ ಒಂದು ಭಾಗ ಅವರಿಗೆ ಗೊತ್ತಿತ್ತು. ತಮಗೆ ವಯಸ್ಸಾಯಿತು, ತಮ್ಮೊಂದಿಗೇ ಅದು ಅಳಿದುಹೋದೀತು ಎಂದು ಅವರಿಗೆ ಭಯವಾಯಿತು. ನಮ್ಮ ಹಿರಿಯರದ್ದೇ ಭಯ ಅದು. ದೂರದ ಮುನಿಸಂಘಕ್ಕೆ ಹೇಳಿಕಳಿಸಿದರು. ಪುಷ್ಪದಂತ, ಭೂತಬಲಿ ಎಂದು ಮುಂದೆ ಹೆಸರಾದ ಇಬ್ಬರು ತರುಣ ಮುನಿಗಳು ಬಂದರು. ಧರಸೇನರು ಅವರನ್ನು ಪರೀಕ್ಷಿಸಿದರು. ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟರು. ಬೇಕೆಂದೇ ಒಂದರಲ್ಲಿ ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಜಪಿಸಿದಾಗ ಕಂಡ ದೇವತೆಗಳು ವಿಕಾರವಾಗಿದ್ದರು, ಒಬ್ಬಳಿಗೆ ಹಲ್ಲು ಮುಂದೆ ಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ತರುಣರು ಗುರು ಕೊಟ್ಟ ಮಂತ್ರವನ್ನೇ ತಿದ್ದಿಕೊಂಡರು. ಆಗ ದೇವತೆಗಳು ಸಹಜ ರೂಪದಲ್ಲಿ ಕಂಡರು. ಗುರುವಿನ ಮಾತನ್ನು ತಿದ್ದಬಲ್ಲವರು ಎಂದು ಗೊತ್ತಾದ ಮೇಲೆಯೇ ಧರಸೇನರು ಪಾಠ ಶುರುಮಾಡಿದ್ದು.

ಪಾಠ ಮುಗಿಯಿತು. ಆಮೇಲೆ ಧರಸೇನರು ಮಾಡಿದ್ದೇನು? ಮಳೆಗಾಲ ಹತ್ತಿರವಿದ್ದರೂ ಅವರನ್ನು ಕೂಡಲೇ ಕಳಿಸಿಬಿಟ್ಟರು. ತಮ್ಮ ಸಾವು ಹತ್ತಿರದಲ್ಲಿದೆ, ಅದನ್ನು ನೋಡಿ ಇವರು ನೊಂದುಕೊಳ್ಳುವುದು ಬೇಡ ಎಂಬುದು ಪರಂಪರೆ ಕೊಡುವ ಕಾರಣ. ಅವರು ಅಂಕುಲೇಶ್ವರಕ್ಕೆ ಹೋಗಿ ಚಾತುರ್ಮಾಸ ಕಳೆದರು, ಮುಂದೆ ಗ್ರಂಥ ರಚಿಸಿದರು. ಜ್ಞಾನ ಅಳಿದುಹೋದೀತೆಂಬ ಭಯದಿಂದ ಶಿಷ್ಯರನ್ನು ಕರೆಸಿಕೊಂಡವನು, ಅದೇ ಶಿಷ್ಯರನ್ನು ಕೊನೆಗಾಲದ ಸೇವೆಗೂ ಉಳಿಸಿಕೊಳ್ಳಲಿಲ್ಲ. ನನ್ನ ಹಾಸಿಗೆಯ ಪಕ್ಕದಲ್ಲಿ ಕುಳಿತಿರಿ ಎಂದು ಕೇಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಕೇಳಲಿಲ್ಲ. ಆ ಗ್ರಂಥವನ್ನು ಇಟ್ಟುಕೊಂಡಿರುವ ಊರಿನವನು ನಾನು, ಅದರ ಬಗ್ಗೆಯೇ ಓದುವವನು, ಒಬ್ಬ ಹುಡುಗ ಭಾನುವಾರ ಆಟಕ್ಕೆ ಹೋದದ್ದನ್ನು ಸಹಿಸಿಕೊಳ್ಳಲಾರದೆ ಹೋದೆ.

ಕರಾವಳಿಯಲ್ಲಿ ಹುಟ್ಟಿದವರಿಗೆ ನಾಲ್ಕು ದಾನಗಳ ಹೆಸರು ಹೇಳಿಕೊಡಬೇಕಾಗಿಲ್ಲ: ಅನ್ನ, ಔಷಧ, ವಿದ್ಯೆ, ಅಭಯ. ಸ್ವಯಂಸೇವೆಯಿಂದ ಕಲಿಸುವ ನಾವೆಲ್ಲ ವಿದ್ಯಾದಾನ ಮಾಡುತ್ತಿದ್ದೇವೆಂದು ತಿಳಿದುಕೊಂಡಿರುತ್ತೇವೆ. ನಾಲ್ಕನೆಯದನ್ನು ಬೇರೆ ಯಾರೋ, ರಾಜರೋ ಮುನಿಗಳೋ, ಬೇರೆ ಯಾವುದೋ ಸಂದರ್ಭದಲ್ಲಿ ಕೊಡುವಂಥದ್ದು ಎಂದುಕೊಳ್ಳುತ್ತೇವೆ. ನನಗೀಗ ಅನ್ನಿಸುವುದು ಹೀಗೆ. ಅಭಯ ಇಲ್ಲದ ವಿದ್ಯಾದಾನ ದಾನವಲ್ಲ, ಅದು ಸಾಲ. ನಾನು ಕಲಿಸಿದ್ದನ್ನು ನೀನು ಒಪ್ಪದೆ ಇರಬಹುದು, ನನ್ನ ತರಗತಿ ಬಿಡಬಹುದು, ನಮ್ಮ ದೇವರಿಂದ ದೂರ ಹೋಗಬಹುದು, ಆಗಲೂ ನೀನು ನನ್ನನ್ನು ಕಂಡು ಅಡಗಬೇಕಾಗಿಲ್ಲ ಎಂಬ ಧೈರ್ಯವನ್ನು ಜೊತೆಗೆ ಕೊಟ್ಟಾಗ ಮಾತ್ರ ಅದು ದಾನ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಾಗ, ಆ ಸಾವಿರ ಓದುಗರಲ್ಲಿ ಯಾರು ಓದಿದರು, ಯಾರು ಕಟ್ಟಿಟ್ಟರು ಎಂದು ಹಾಜರಿ ತೆಗೆದುಕೊಳ್ಳಲು ಅವಳಿಗೆ ಸಾಧ್ಯವಿರಲಿಲ್ಲ.

ಹಾಗಾದರೆ ಕೃತಜ್ಞತೆ ಬೇಡವೇ? ಬೇಕು. ಉಪಕಾರ ಮರೆಯುವ ಸಮಾಜದಲ್ಲಿ ಬದುಕಲು ನನಗೂ ಇಷ್ಟವಿಲ್ಲ. ಆದರೆ ಕೃತಜ್ಞತೆ ಶಿಷ್ಯನ ಗುಣವಾಗಬಹುದೇ ಹೊರತು ಗುರುವಿನ ಹಕ್ಕಾಗಲಾರದು. ಅವನಾಗಿ ನೆನೆದರೆ ಅದು ಕೃತಜ್ಞತೆ, ನಾನು ನೆನಪಿಸಿದರೆ ವಸೂಲಿ. ಹಾಗೆಯೇ ಪಡೆದವನಿಗೆ ಏನಾದರೂ ಮಾಡುವ ಅವಕಾಶವನ್ನು ಇಡುವುದೂ ಅಭಯದ ಭಾಗವೇ. ಬೀದರ್‌ನಲ್ಲಿ ತಟ್ಟೆ ತೊಳೆದು ಹೊರಬಂದಾಗ ನನಗೆ ಹಂಗಿನ ಭಾರವಿರಲಿಲ್ಲ. ಪಕ್ಕದ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1940ರಲ್ಲಿ ಮಂಜಯ್ಯ ಹೆಗ್ಗಡೆಯವರು ಆರಂಭಿಸಿದ ಸಿದ್ಧವನ ಗುರುಕುಲದಲ್ಲಿ ಬಡ ವಿದ್ಯಾರ್ಥಿಗಳು ಓದಿನ ಜೊತೆಗೆ ತೋಟದಲ್ಲಿ ದುಡಿಯುತ್ತಾ ಬಂದಿದ್ದಾರೆ. ತಾನು ಬೆಳೆಸಿದ ತರಕಾರಿಯನ್ನೂ ಸೇರಿಸಿ ಉಣ್ಣುವವನು ಯಾರ ಎದುರೂ ತಲೆತಗ್ಗಿಸಬೇಕಾಗಿಲ್ಲ.

ಇನ್ನೊಂದು ಅಪಾಯವನ್ನೂ ಹೇಳಬೇಕು. ಸಂಬಳವಿಲ್ಲದೆ ದುಡಿಯುವವನನ್ನು ಪ್ರಶ್ನಿಸುವುದು ಕಷ್ಟ. ಶಾಲೆಯ ಮಾಸ್ಟ್ರು ಮಗುವನ್ನು ಹಂಗಿಸಿದರೆ ಹೆಡ್‌ಮಾಸ್ಟ್ರ ಹತ್ತಿರ ಹೋಗಬಹುದು. ಧರ್ಮಕಾರ್ಯವೆಂದು ಪುಕ್ಕಟೆ ಬರುವವನ ಮೇಲೆ ದೂರು ಹೇಳಿದರೆ, ಪಾಪ ಅವರು ಅಷ್ಟು ಮಾಡುತ್ತಾರೆ, ನೀನು ಹೀಗೆ ಹೇಳುತ್ತೀಯಾ ಎಂಬ ಉತ್ತರ ಬರುತ್ತದೆ. ಆ ತಾಯಿ ನನ್ನಲ್ಲಿ ಕ್ಷಮೆ ಕೇಳಿದ್ದು ಅದಕ್ಕೇ. ನನ್ನದು ಸಣ್ಣ ಮಾತಿನ ತಪ್ಪು. ಇದೇ ಮೌನದ ಮರೆಯಲ್ಲಿ ದೊಡ್ಡ ತಪ್ಪುಗಳೂ ಅಡಗಬಹುದು. ನಿಸ್ವಾರ್ಥ ಎನ್ನುವುದು ಪ್ರಶ್ನೆ ಕೇಳಬಾರದೆಂಬ ಪರವಾನಗಿಯಾದರೆ, ಅಲ್ಲಿ ಸೇವೆ ಮುಗಿಯಿತು ಎಂದೇ ಅರ್ಥ.

ಹಿರಿಯರಿಗೆ ಧರಸೇನರ ಕಥೆಯನ್ನು ನೆನಪಿಸಿದೆ. ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರಿಗೆ ಇಬ್ಬರಾದರೂ ಬಂದರಲ್ಲ” ಎಂದರು. ನಾವಿಬ್ಬರೂ ನಕ್ಕೆವು. ಅವರ ಪ್ರಶ್ನೆ ಹಾಗೇ ಉಳಿದಿದೆ. ದೀಪ ಹಚ್ಚುವವರು ಯಾರು ಎಂದು ನನಗೆ ಗೊತ್ತಿಲ್ಲ. ಅಡಗಿಕೊಳ್ಳುವ ಮಕ್ಕಳಂತೂ ಹಚ್ಚುವುದಿಲ್ಲ ಎಂದು ಮಾತ್ರ ಗೊತ್ತು.

ಮೊನ್ನೆ ಅದೇ ಬಸ್ ನಿಲ್ದಾಣದಲ್ಲಿ ಅವನು ಮತ್ತೆ ಸಿಕ್ಕಿದ. ಈ ಸಲ ಬಸ್ಸು ಇರಲಿಲ್ಲ, ಸರಿಯಲು ಮರೆಯೂ ಇರಲಿಲ್ಲ. ನಾನೇ ಹತ್ತಿರ ಹೋದೆ. ಅವತ್ತು ಎಲ್ಲರ ಎದುರು ಹಾಗೆ ಕೇಳಿದ್ದು ತಪ್ಪಾಯಿತು ಎಂದೆ. ತರಗತಿಗೆ ಬಾರದಿದ್ದರೂ ಅಡ್ಡಿಯಿಲ್ಲ, ನನ್ನನ್ನು ಕಂಡು ಬಸ್ಸು ತಪ್ಪಿಸಿಕೊಳ್ಳಬೇಡ ಎಂದೆ. ಅವನು ಕೊಡೆಯ ತುದಿಯಿಂದ ನೆಲ ಕೆದಕುತ್ತಾ “ಆಯ್ತಣ್ಣ” ಅಂದ. ಆಮೇಲೆ, ಕಾಲೇಜಿನ ತಂಡಕ್ಕೆ ಆಯ್ಕೆಯಾದದ್ದನ್ನು ಹೇಳಿದ. ಬಸ್ಸು ಬಂತು, ಹತ್ತಿ ಹೋದ.

ಮುಂದಿನ ಭಾನುವಾರ ಅವನು ತರಗತಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಎರಡು ಭಾನುವಾರ ಎಂದು ನಾನು ಎಣಿಸಿದ್ದೇನೆ ಎಂಬುದು ಇದನ್ನು ಬರೆಯುವಾಗ ಗಮನಕ್ಕೆ ಬಂತು.